ಶಬ್ದಗಳ ಸಂದು ಬಿಡಿಸಿದ ಕಿಟ್ಟೆಲರು

ಕಿಟ್ಟೆಲ್ ಎಂಬ ಹೆಸರನ್ನು ಕೇಳಿದ ಕೂಡಲೆ ಕನ್ನಡಿಗರ ಕಣ್ಣ ಮುಂದೆ ಬಂದು ನಿಲ್ಲುವುದು ಒಬ್ಬ ಮನುಷ್ಯನಲ್ಲ, ಒಂದು ಗ್ರಂಥ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸಂಸ್ಥೆಯಿಂದ ಹೊರಬಿದ್ದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಪುಟಗಳು 1,700ನ್ನು ಮೀರುತ್ತವೆ. ಹಳೆಯ ಕಾವ್ಯವನ್ನು ಓದುವವರು ತಮಗೆ ಒಗ್ಗದ ಮಾತೊಂದು ಎದುರಾದಾಗ ಅದರ ಮೊರೆಹೋಗುವುದುಂಟು. ಅಂದರೆ ಎಲ್ಲರೂ ಅದನ್ನು ಪ್ರವೇಶಿಸುವುದು ಕನ್ನಡದ ಬಾಗಿಲಿನಿಂದ. ಬಜಪೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ ನಾನು ಮಾತ್ರ ಬಹುಕಾಲದಿಂದ ಆ ಮನೆಯನ್ನು ಹಿತ್ತಿಲ ಬಾಗಿಲಿನಿಂದ ಹೊಗುತ್ತ ಬಂದಿದ್ದೇನೆ. ನಮ್ಮ ಮಕ್ಕಳು ಉದ್ದವಾದ ಇಂಗ್ಲಿಷ್ ಶಬ್ದವನ್ನು ಕಂಡರೆ ಹಾವನ್ನು ಕಂಡವರಂತೆ ಹಿಂಜರಿಯುತ್ತಾರೆ. ಆ ಭಯವನ್ನು ಬಿಡಿಸುವ ಉಪಾಯವೊಂದು ಕಿಟ್ಟೆಲರ ಬದುಕಿನಲ್ಲಿಯೇ ಅಡಗಿದೆಯೆಂದು ನನಗೆ ತೋರಿದೆ. ಅವರು ಇಂಗ್ಲಿಷ್ ಕಲಿಸುವ ಪುಸ್ತಕವನ್ನು ಬರೆದವರಲ್ಲ, ನಿಜ. ಆದರೆ ಇಂಗ್ಲಿಷು ಅವರಿಗೂ ತಾಯ್ನುಡಿಯಾಗಿರಲಿಲ್ಲ. ನಮ್ಮಂತೆಯೇ ಶಾಲೆಯಲ್ಲಿ ಕಲಿತ ಭಾಷೆ. ಕಲಿತ ಭಾಷೆಯಲ್ಲಿ ಇಷ್ಟು ದೊಡ್ಡ ಕೆಲಸವನ್ನು ಮಾಡಿದವರು ಏನೇನನ್ನು, ಯಾವ ಕ್ರಮದಲ್ಲಿ ಕಲಿತರೆಂಬುದು ವಿಚಾರಯೋಗ್ಯವಾದ ಸಂಗತಿ.

ಫರ್ಡಿನಂಡ್ ಕಿಟ್ಟೆಲರು ಹುಟ್ಟಿದ್ದು 1832ರ ಏಪ್ರಿಲಿನಲ್ಲಿ, ಉತ್ತರ ಜರ್ಮನಿಯ ಕಡಲಂಚಿನ ಈಸ್ಟ್ ಫ್ರಿಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿಗಳು. ಕಾಕತಾಳೀಯವೆಂಬಂತೆ, ರೀವ್ ಎಂಬವರ ಕನ್ನಡ-ಇಂಗ್ಲಿಷ್ ಕೋಶವು ಮದರಾಸಿನಲ್ಲಿ ಪ್ರಕಟವಾದದ್ದೂ ಅದೇ ವರ್ಷ. ಮುಂದೆ ಆ ಕೋಶವನ್ನು ಹಿಂದಿಕ್ಕಲಿದ್ದವನು ಆಗ ತೊಟ್ಟಿಲಲ್ಲಿದ್ದನು. ಆ ಪ್ರಾಂತದ ಜನರ ಆಡುಮಾತು ಪುಸ್ತಕದ ಜರ್ಮನ್ ಭಾಷೆಗಿಂತ ಬೇರೆಯಾದುದು, ಇಂಗ್ಲಿಷಿಗೆ ತೀರ ಸಮೀಪದ್ದು. ನೀರಿಗೆ ಇಂಗ್ಲಿಷರು ಹೇಳುವ ವಾಟರ್ ಎಂಬ ಮಾತನ್ನು ಅಲ್ಲಿಯ ರೈತನೂ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತಾನೆ. ಔರಿಕ್ ಪಟ್ಟಣದ ಶಾಲೆಯಲ್ಲಿ ಬಾಲಕನಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂಗಳ ಪಾಠವಾಯಿತು. ಫ್ರೆಂಚ್, ಇಂಗ್ಲಿಷುಗಳ ಪರಿಚಯವಾಯಿತು.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇಂಗ್ಲಿಷ್ ಭಾಷೆಯು ಎರಡಂತಸ್ತಿನ ಮನೆ. ಕೆಳಗಿನ ಅಂತಸ್ತಿನಲ್ಲಿ ಉಣ್ಣುವ, ಉಡುವ, ನಡೆಯುವ, ನೋಡುವ ಗಿಡ್ಡ ಮಾತುಗಳಿವೆ. ಅವು ಜರ್ಮನ್ ಕುಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕವಾಗಿಯೂ, ಅನಂತರ ವಿದ್ಯೆಯ ಪುನರುಜ್ಜೀವನದ ಕಾಲದಲ್ಲಿ ನೇರವಾಗಿಯೂ ಬಂದ ಲ್ಯಾಟಿನ್ ಶಬ್ದಗಳು ಮೇಲಂತಸ್ತನ್ನು ತುಂಬಿದವು. ನ್ಯಾಯಾಲಯ, ವಿಶ್ವವಿದ್ಯಾಲಯ, ಆಸ್ಪತ್ರೆಗಳ ಮಾತೆಲ್ಲ ಮೇಲಿನದು. ಕನ್ನಡದ ಮನೆಯೂ ಹೀಗೆಯೇ ಅಲ್ಲವೆ? ಕೆಳಗೆ ನೀರು, ಹೂ, ಕಣ್ಣು. ಮೇಲೆ ಜಲ, ಪುಷ್ಪ, ನಯನ. ಕಿಟ್ಟೆಲರಿಗೆ ಇಂಗ್ಲಿಷಿನ ಕೆಳಂತಸ್ತು ಹುಟ್ಟಿದೂರಿನ ನೆರೆಯ ಮಾತಾಗಿ ಸಿಕ್ಕಿತು. ಮೇಲಂತಸ್ತಿಗೆ ಲ್ಯಾಟಿನ್ ಏಣಿಯಾಯಿತು. ನಮ್ಮ ಮಕ್ಕಳಿಗೆ ಈ ಎರಡರಲ್ಲಿ ಒಂದೂ ಇಲ್ಲ. ಇಲ್ಲವೆಂದು ಅವರು ತಿಳಿದುಕೊಂಡಿದ್ದಾರೆ ಎನ್ನುವುದು ಹೆಚ್ಚು ಸರಿಯಾದೀತು.

1850ರಲ್ಲಿ ಕಿಟ್ಟೆಲರು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮಿಶನ್ನನ್ನು ಸೇರಿದರು. 1853ರಲ್ಲಿ ಭಾರತಕ್ಕೆ ಬಂದರು. ಸುಯೆಜ್ ಕಾಲುವೆ ತೆರೆಯಲು ಇನ್ನೂ 16 ವರ್ಷಗಳಿದ್ದವು. ಮಿಶನ್ ಎಂಬ ಶಬ್ದವು ದಕ್ಷಿಣ ಕನ್ನಡದವರಿಗೆ ಮನೆಮಾತೇ ಆಗಿದೆ. ಮಿಶನ್ ಕಂಪೌಂಡು, ಮಿಶನ್ ಹಂಚು ಎನ್ನುವಾಗ ಅದು ಪರಭಾಷೆಯದೆಂಬ ನೆನಪು ನಮಗಿರುವುದಿಲ್ಲ. ಅದರ ಒಡಲಲ್ಲಿರುವುದು ಕಳುಹಿಸು ಎಂಬರ್ಥದ ಲ್ಯಾಟಿನ್ ಧಾತು. ಮಿಶನರಿ ಎಂದರೆ ಕಳುಹಿಸಲ್ಪಟ್ಟವನು. ಈಗ ಆ ಧಾತುವಿನ ಹಿಂದೆ ಒಂದೊಂದೇ ಉಪಸರ್ಗವನ್ನು ಇಟ್ಟು ನೋಡಿರಿ. ಟ್ರಾನ್ಸ್ ಎಂದರೆ ಆಚೆಗೆ. ಟ್ರಾನ್ಸ್‌ಮಿಟ್ ಎಂದರೆ ಆಚೆಗೆ ಕಳುಹಿಸು. ಅಡ್ ಎಂದರೆ ಕಡೆಗೆ. ಅಡ್ಮಿಟ್ ಎಂದರೆ ಒಳಗೆ ಬರಗೊಡು. ಸಬ್ ಎಂದರೆ ಕೆಳಗೆ. ಸಬ್ಮಿಟ್ ಎಂದರೆ ತಲೆಬಾಗಿಸು, ಒಪ್ಪಿಸು. ಡಿಸ್ ಎಂದರೆ ದೂರ, ಬೇರೆ. ಡಿಸ್ಮಿಸ್ ಎಂದರೆ ಕಳುಹಿಸಿಬಿಡು. ಪ್ರೊ ಎಂದರೆ ಮುಂದಕ್ಕೆ. ಪ್ರಾಮಿಸ್ ಎಂದರೆ ಮುಂಚಿತವಾಗಿ ಕಳುಹಿಸಿದ ಮಾತು. ರಿ ಎಂದರೆ ಹಿಂದಕ್ಕೆ. ಬಜಪೆಯ ವಿಮಾನ ನಿಲ್ದಾಣದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದ ತಂದೆ ತಿಂಗಳಿಗೊಮ್ಮೆ ಮನೆಗೆ ಕಳುಹಿಸುವ ಹಣಕ್ಕೆ ಬ್ಯಾಂಕಿನವರು ರೆಮಿಟೆನ್ಸ್ ಎನ್ನುತ್ತಾರೆ. ಹಿಂದಕ್ಕೆ ಕಳುಹಿಸಿದ್ದು ಎಂದು ಅದರ ಮೂಲಾರ್ಥ. ಈ ಒಂದು ಮಾತನ್ನು ಬಿಡಿಸಿ ತೋರಿಸಿದ ದಿನ ತರಗತಿಯಲ್ಲಿ ಆಕಳಿಕೆಯೇ ಇರುವುದಿಲ್ಲ. ಶಬ್ದವು ಅವರ ಮನೆಯ ಅಕ್ಕಿಗೂ ಶಾಲೆಯ ಶುಲ್ಕಕ್ಕೂ ಸಂಬಂಧಪಟ್ಟದ್ದು.

ಕಳುಹಿಸಲ್ಪಟ್ಟ ಕಿಟ್ಟೆಲರು ಕಳುಹಿಸಿದವರು ಬಯಸಿದಂತೆ ನಡೆದುಕೊಳ್ಳಲಿಲ್ಲ. ಧಾರವಾಡದ ಸೀಮೆಯಲ್ಲಿ ಅವರು ಕನ್ನಡದ ಹಿಂದೆ ಬಿದ್ದರು. ಜನರ ಮಾತನ್ನು, ನಡವಳಿಕೆಯನ್ನು, ಸಂಗೀತವನ್ನು ಸಹ ಕಲಿಯತೊಡಗಿದರು. ಸಂಸ್ಥೆಯ ಹಿರಿಯರಿಗೆ ಇದು ರುಚಿಸಲಿಲ್ಲ. ಅವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯವರು. ಈತ ಬಡಗಣವನು, ಮೇಲುವರ್ಗದ ಮನೆತನದವನು, ಓದಿನ ಹುಚ್ಚಿನವನು ಎಂಬ ಅಸಮಾಧಾನ ಮೊದಲೇ ಇದ್ದಿತು. ಪ್ರೆಜುಡಿಸ್ ಎಂಬ ಇಂಗ್ಲಿಷ್ ಮಾತಿನಲ್ಲಿ ಪೂರ್ವ ಎಂಬರ್ಥದ ಉಪಸರ್ಗವೂ ತೀರ್ಪು ಎಂಬರ್ಥದ ಪದವೂ ಕೂಡಿವೆ: ವಿಚಾರಣೆಗೆ ಮುಂಚೆಯೇ ಕೊಟ್ಟ ತೀರ್ಪು. ಕನ್ನಡದ ಪೂರ್ವಗ್ರಹವೂ ಅದೇ ಎರಕದ್ದು. ಕಿಟ್ಟೆಲರನ್ನು ನೀಲಗಿರಿಯ ಮೂಲೆಯೊಂದಕ್ಕೆ ಅಟ್ಟಲಾಯಿತು; ಮುಂದೆ ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಕಟ್ಟಿಹಾಕಲಾಯಿತು. ಶಿಕ್ಷೆಯೆಂದು ಕೊಟ್ಟದ್ದು ಕನ್ನಡದ ಪಾಲಿಗೆ ವರವಾಯಿತೆಂದು ಹೇಳುವ ರೂಢಿಯಿದೆ. ಆದರೆ ಉಪದೇಶ ಮಾಡಲೆಂದು ಸಮುದ್ರ ದಾಟಿ ಬಂದ ಯುವಕನಿಗೆ ಕರಡು ತಿದ್ದುವ ಮೇಜಿನ ಮುಂದೆ ಕುಳಿತಾಗ ಏನನ್ನಿಸಿರಬೇಕೆಂಬುದನ್ನು ಮರೆತು ಆ ಮಾತನ್ನಾಡುವುದು ಸುಲಭ.

ಮನೆಯೊಳಗೂ ಕಷ್ಟ ತಪ್ಪಲಿಲ್ಲ. 1860ರಲ್ಲಿ ಕೈಹಿಡಿದ ಪಾಲಿನ್ ಐತ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಕೆಲವು ವರ್ಷಗಳ ತರುವಾಯ ಆಕೆಯ ತಂಗಿ ಜೂಲಿಯನ್ನು ಅವರು ಮದುವೆಯಾದರು. ಈ ನಡುವೆ 1862ರಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆ ಪ್ರಕಟವಾಯಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದಕತ್ವದಲ್ಲಿ ಅಚ್ಚಾದವು.

ಹದಿಮೂರನೆಯ ಶತಮಾನದ ಕೇಶಿರಾಜನನ್ನು ಓದಿದವರಿಗೆ ಕನ್ನಡವು ಎಲ್ಲಿ ಬೆಳೆಯುತ್ತದೆಂಬುದು ಗೊತ್ತು. ಅದು ಬಾಲದ ಕಡೆಗೆ ಬೆಳೆಯುವ ಭಾಷೆ. ಮಾಡು, ಮಾಡಿಸು, ಮಾಡಿಸಿದನು. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಬುಡ ಅಲುಗುವುದಿಲ್ಲ, ತುದಿಗೆ ತುದಿ ಸೇರುತ್ತ ಹೋಗುತ್ತದೆ. ಇಲ್ಲವೆನ್ನುವುದನ್ನು ಸಹ ನಾವು ಕೊನೆಯಲ್ಲಿಯೇ ಹೇಳುತ್ತೇವೆ: ಕಾಣುವ, ಕಾಣದ. ಲ್ಯಾಟಿನ್ನಾದರೋ ತಲೆಯ ಕಡೆಗೂ ಬೆಳೆಯುತ್ತದೆ. ಅದರಿಂದ ಬಂದ ಇಂಗ್ಲಿಷಿನ ಇನ್‌ವಿಸಿಬಲ್ ಎಂಬ ಮಾತು ಕಾಣದ ಎಂಬುದನ್ನು ಮೊದಲ ಅಕ್ಷರದಲ್ಲಿಯೇ ಹೇಳಿ ಮುಗಿಸುತ್ತದೆ. ಕನ್ನಡದ ಹುಡುಗ ಉದ್ದ ಶಬ್ದದ ಮುಂದೆ ತಬ್ಬಿಬ್ಬಾಗುವುದಕ್ಕೆ ಬುದ್ಧಿಮಾಂದ್ಯವಾಗಲಿ ಸೋಮಾರಿತನವಾಗಲಿ ಕಾರಣವಲ್ಲ. ಅವನ ಕಿವಿ ಅರ್ಥಕ್ಕಾಗಿ ಬಾಲವನ್ನು ಕಾಯುತ್ತಿರುತ್ತದೆ; ಅರ್ಥವು ತಲೆಯಲ್ಲಿಯೇ ಹಾದುಹೋಗಿರುತ್ತದೆ.

ಹಾಗಾದರೆ ಗತಿಯೇನು? ಅವನಲ್ಲಿರುವ ಕಾಣದ ಎಂಬ ಮಾತಿನ ಪಕ್ಕದಲ್ಲಿಯೇ ಅದೃಶ್ಯ ಎಂಬ ಮಾತೂ ಇದೆ. ಇನ್‌ವಿಸಿಬಲ್ ಎಂಬುದಕ್ಕೆ ಅದು ಅಳತೆ ಹಿಡಿದು ಹೊಲಿದ ಅಂಗಿಯಂತಿದೆ. 1786ರಲ್ಲಿ ವಿಲಿಯಂ ಜೋನ್ಸರು ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಒಂದೇ ಮೂಲದಿಂದ ಬಂದವೆಂದು ಸಾರಿದ ಮೇಲೆ ಇದರ ಕಾರಣ ಲೋಕಕ್ಕೆ ತಿಳಿಯಿತು. ಸಂಸ್ಕೃತದ ಅನ್ ಮತ್ತು ಲ್ಯಾಟಿನ್ನಿನ ಇನ್, ಪ್ರ ಮತ್ತು ಪ್ರೊ, ಅಂತರ್ ಮತ್ತು ಇಂಟರ್, ಉಪ ಮತ್ತು ಸಬ್, ಉಪರಿ ಮತ್ತು ಸೂಪರ್ ಇವು ರಕ್ತಸಂಬಂಧಿಗಳು. ಪ್ರಗತಿ ಎಂಬುದನ್ನು ಬಲ್ಲ ಹುಡುಗನಿಗೆ ಪ್ರೋಗ್ರೆಸ್ ಎಂಬುದರಲ್ಲಿ ಹೊಸತೇನೂ ಇಲ್ಲ. ಎರಡರಲ್ಲಿಯೂ ಇರುವುದು ಮುಂದಕ್ಕೆ ಇಟ್ಟ ಹೆಜ್ಜೆಯೇ.

ನೋಟಕ್ಕೆ ಸಂಬಂಧಿಸಿದ ಧಾತುವನ್ನು ತೆಗೆದುಕೊಂಡರೆ ಈ ಸಂಬಂಧದ ಸೊಗಸು ತಿಳಿಯುತ್ತದೆ. ಸಂಸ್ಕೃತದಲ್ಲಿ ಈಕ್ಷ್ ಎಂದರೆ ನೋಡು. ಪರಿ ಎಂಬುದರೊಡನೆ ಪರೀಕ್ಷೆ, ಅಪದೊಡನೆ ಅಪೇಕ್ಷೆ, ಉಪದೊಡನೆ ಉಪೇಕ್ಷೆ, ಸಮ್ ಎಂಬುದರೊಡನೆ ಸಮೀಕ್ಷೆ, ನಿರ್ ಎಂಬುದರೊಡನೆ ನಿರೀಕ್ಷೆ, ಪ್ರದೊಡನೆ ಪ್ರೇಕ್ಷಕ. ಹಳ್ಳಿಯ ಹುಡುಗನಿಗೂ ತಿಳಿದಿರುವ ಮಾತುಗಳಿವು. ಪರೀಕ್ಷೆಯಂತೂ ಬೇಕಾದುದಕ್ಕಿಂತ ಹೆಚ್ಚಾಗಿ ತಿಳಿದಿದೆ. ಲ್ಯಾಟಿನ್ನಿನಲ್ಲಿ ಇದೇ ಕೆಲಸವನ್ನು ಮಾಡುವುದು ಸ್ಪೆಕ್ ಎಂಬ ಧಾತು. ಒಳಹೊಕ್ಕು ನೋಡಿದರೆ ಇನ್‌ಸ್ಪೆಕ್ಟ್. ಮುಂದಕ್ಕೆ ನೋಡಿದರೆ ಪ್ರಾಸ್ಪೆಕ್ಟ್. ತಿರುಗಿ ನೋಡಿದರೆ, ಅಂದರೆ ದಾರಿಯಲ್ಲಿ ಹೋಗುವವನು ನಿಂತು ಹಿಂತಿರುಗಿ ನೋಡುವಷ್ಟು ಯೋಗ್ಯನಾದರೆ, ರೆಸ್ಪೆಕ್ಟ್. ಮೇಲೆ ನಿಂತು ಕೆಳಗೆ ನೋಡಿದರೆ ಡಿಸ್ಪೈಸ್. ಅಡಿಗಣ್ಣಿನಿಂದ ನೋಡಿದರೆ ಸಸ್ಪೆಕ್ಟ್. ಬಾಗಿಲಿನಿಂದ ಹೊರಗೆ ಕಣ್ಣು ಹಾಯಿಸಿ ಯಾರನ್ನೋ ಕಾಯುತ್ತಿದ್ದರೆ ಅದು ಎಕ್ಸ್‌ಪೆಕ್ಟ್. ನಿರ್ ಎಂದರೂ ಹೊರಗೆ, ಎಕ್ಸ್ ಎಂದರೂ ಹೊರಗೆ. ನಿರೀಕ್ಷೆ ಎಂಬ ಮಾತನ್ನು ನಿತ್ಯ ಬಳಸುವ ಮಗುವಿಗೆ ಇದನ್ನು ತೋರಿಸಿದಾಗ ಅದರ ಮುಖದಲ್ಲಿ ಮೂಡುವ ಬೆಳಕು ಯಾವ ಕಂಠಪಾಠದಿಂದಲೂ ಬರಲಾರದು.

ಲ್ಯಾಟಿನ್ನಿನ ಉಪಸರ್ಗಗಳು ವೇಷ ಮರೆಸುತ್ತವೆಯೆಂದು ಇಂಗ್ಲಿಷ್ ಮಕ್ಕಳೇ ಗೋಳಾಡುವುದುಂಟು. ಲೀಗಲ್ ಎಂಬುದರ ಹಿಂದೆ ಇನ್ ಬಂದಾಗ ಇಲ್ಲೀಗಲ್ ಆಗುತ್ತದೆ. ಪಾಸಿಬಲ್ ಎಂಬುದರ ಹಿಂದೆ ಇಮ್ ಆಗುತ್ತದೆ. ಅಡ್ ಎಂಬುದು ಅಟ್ರಾಕ್ಟ್ ಎಂಬಲ್ಲಿ ಅಟ್ ಆಗಿ ಕುಳಿತಿರುತ್ತದೆ. ನಮಗೆ ಇದು ಸಂಧಿಪ್ರಕರಣ! ಉತ್ ಮತ್ತು ಲೇಖ ಸೇರಿ ಉಲ್ಲೇಖವಾಗುವುದನ್ನೂ, ಸತ್ ಮತ್ತು ಜನ ಸೇರಿ ಸಜ್ಜನವಾಗುವುದನ್ನೂ ಕಲಿತವನಿಗೆ ಇಲ್ಲೀಗಲ್ ಎಂಬುದರಲ್ಲಿ ಎರಡು ಲಕಾರಗಳೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡ ವ್ಯಾಕರಣದ ತಾಸನ್ನು ಕಡಿಮೆ ಮಾಡಿ ಇಂಗ್ಲಿಷಿಗೆ ಹೆಚ್ಚು ಹೊತ್ತು ಕೊಡಬೇಕೆಂದು ವಾದಿಸುವವರು ಈ ಮಾತನ್ನು ಯೋಚಿಸಬೇಕು.

ಜರ್ಮನರಾದ ಕಿಟ್ಟೆಲರಿಗೆ ಇನ್ನೊಂದು ಅನುಕೂಲವಿದ್ದಿತು. ಅವರ ನಾಡಿನ ಪೂರ್ವಿಕರು ಅನೇಕ ಲ್ಯಾಟಿನ್ ಶಬ್ದಗಳನ್ನು ಇಡಿಯಾಗಿ ನುಂಗದೆ, ಸಂದು ಸಂದಾಗಿ ಬಿಡಿಸಿ ತಮ್ಮ ಮಾತಿನಲ್ಲಿ ಮತ್ತೆ ಕಟ್ಟಿಕೊಂಡಿದ್ದರು. ಇಂಗ್ಲಿಷಿನವರು ಪ್ರೆಫೇಸ್ ಎಂದು ಲ್ಯಾಟಿನ್ನನ್ನೇ ಇಟ್ಟುಕೊಂಡಲ್ಲಿ ಜರ್ಮನರು ಫೋರ್‌ವೋರ್ಟ್ ಎಂದರು. ಫೋರ್ ಎಂದರೆ ಮುನ್, ವೋರ್ಟ್ ಎಂದರೆ ನುಡಿ. ಕನ್ನಡದ ಮುನ್ನುಡಿಯೇ ಅದು. ಇಂಪ್ರೆಶನ್ ಎಂಬುದನ್ನು ಅವರು ಒಳ ಒತ್ತು ಎಂದು ಕಟ್ಟಿದರು. ನಮ್ಮಲ್ಲಿಯೂ ಒಳನೋಟ, ಹಿನ್ನಡೆ, ಮೇಲುಗೈ, ಮರುಹುಟ್ಟುಗಳಿವೆ. ಇವು ಸಮಾಸಗಳು, ಉಪಸರ್ಗಗಳಲ್ಲವೆಂದು ಪಂಡಿತರು ಆಕ್ಷೇಪಿಸಿಯಾರು. ಅವರ ಮಾತು ಸರಿ. ಕಲಿಯುವ ಮಗುವಿಗೆ ಮಾತ್ರ ಅವು ಉಪಸರ್ಗದ ಕೆಲಸವನ್ನೇ ಮಾಡಿಕೊಡುತ್ತವೆ.

ಈ ವಿದ್ಯೆಯಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಬಜಪೆಯ ಸುತ್ತಿನ ರಸ್ತೆಗಳಲ್ಲಿ ತೈಲ ಶುದ್ಧೀಕರಣಾಗಾರದ ಟ್ಯಾಂಕರುಗಳು ಓಡಾಡುತ್ತವೆ. ಅಂತಹ ವಾಹನಗಳ ಬೆನ್ನಿನ ಮೇಲೆ ಇನ್‌ಫ್ಲೇಮಬಲ್ ಎಂದು ಬರೆದಿರುವುದುಂಟು. ಇನ್ ಎಂದರೆ ಅಲ್ಲ ಎಂದಷ್ಟೇ ಕಲಿತವನು ಇದು ಉರಿಯದ ವಸ್ತುವೆಂದು ತಿಳಿದಾನು. ಇಲ್ಲಿಯ ಇನ್ ನಿಷೇಧದ್ದಲ್ಲ, ಒಳಗೆ ಎಂಬರ್ಥದ್ದು. ಥಟ್ಟನೆ ಜ್ವಾಲೆಯೊಳಕ್ಕೆ ಹೋಗುವ ವಸ್ತುವೆಂದು ತಾತ್ಪರ್ಯ. ಧ್ವನಿಯೊಂದನ್ನೇ ನಂಬಿ ಅರ್ಥ ಹೇಳುವವನು ಬೆಂಕಿಯ ಹತ್ತಿರ ಬೀಡಿ ಹಚ್ಚಿದಂತೆ. ಕಿಟ್ಟೆಲರು ಇದನ್ನು ಬಲ್ಲವರಾಗಿದ್ದರೆಂಬುದಕ್ಕೆ ಅವರ ನಿಘಂಟೇ ಸಾಕ್ಷಿ. ಒಂದು ಕನ್ನಡ ಶಬ್ದದ ಬುಡವನ್ನು ಹೇಳುವ ಮುನ್ನ ಅವರು ತಮಿಳು, ತೆಲುಗು, ಮಲೆಯಾಳ, ತುಳುಗಳ ಬಾಗಿಲನ್ನು ತಟ್ಟುತ್ತಾರೆ. ಕಾವ್ಯದಲ್ಲಿ, ಗಾದೆಯಲ್ಲಿ, ಆಡುಮಾತಿನಲ್ಲಿ ಅದರ ಬಳಕೆಯನ್ನು ಹುಡುಕುತ್ತಾರೆ. ಅಷ್ಟಾದರೂ ಸಂಸ್ಕೃತದಲ್ಲಿರುವ ದ್ರಾವಿಡ ಶಬ್ದಗಳೆಂದು ಅವರು ತಮ್ಮ ಪೀಠಿಕೆಯಲ್ಲಿ ಪಟ್ಟಿಮಾಡಿದವುಗಳೆಲ್ಲವನ್ನೂ ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದುದರಿಂದ ಉಪಸರ್ಗವನ್ನು ಊಹೆಗೆ ಬಳಸಬೇಕು, ತೀರ್ಪಿಗೆ ಕೋಶವನ್ನು ತೆರೆಯಬೇಕು ಎಂಬುದೇ ನಮ್ಮ ತರಗತಿಯ ನಿಯಮ.

ಕಿಟ್ಟೆಲರ ಕೋಶದಲ್ಲಿ ಒಂದು ಕನ್ನಡ ಮಾತಿಗೆ ಎದುರಾಗಿ ಇಂಗ್ಲಿಷಿನ ಗಿಡ್ಡ ಮಾತೂ, ಅದರ ಬಳಿಯಲ್ಲಿಯೇ ಲ್ಯಾಟಿನ್ ಮೂಲದ ಉದ್ದ ಮಾತೂ ಜೊತೆಯಾಗಿ ಬರುವುದನ್ನು ಬಹಳ ಕಡೆ ಕಾಣಬಹುದು. ಕೆಳಂತಸ್ತು, ಮೇಲಂತಸ್ತುಗಳೆರಡೂ ಒಂದೇ ಸಾಲಿನಲ್ಲಿ! ತಾನು ಬಲ್ಲ ಕನ್ನಡ ಶಬ್ದವನ್ನು ತೆರೆದು, ಎದುರಿಗಿರುವ ಉದ್ದ ಮಾತಿನ ಸಂದುಗಳನ್ನು ಪೆನ್ಸಿಲಿನಿಂದ ಗೆರೆ ಎಳೆದು ಬಿಡಿಸುವುದು ಒಳ್ಳೆಯ ಅಭ್ಯಾಸ. ಗ್ರಂಥಾಲಯದ ಪ್ರತಿಯ ಮೇಲೆ ಗೆರೆ ಎಳೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲ್ಯಾಟಿನ್ ಎಂದರೆ ಎಲ್ಲಿಯದೋ ದೂರದ ಮಾತೆಂದು ನಮ್ಮೂರಿನವರು ಹೇಳುವಂತಿಲ್ಲ. 1960ರ ದಶಕದವರೆಗೂ ಕರಾವಳಿಯ ಇಗರ್ಜಿಗಳಲ್ಲಿ ಪೂಜೆ ನಡೆಯುತ್ತಿದ್ದುದು ಆ ಭಾಷೆಯಲ್ಲಿಯೇ. ಅಕ್ಷರ ಬಾರದ ಕೊಂಕಣಿ ಅಜ್ಜಿಯರ ನಾಲಗೆಯ ಮೇಲೂ ಅದರ ತುಣುಕುಗಳು ಆಡುತ್ತಿದ್ದವು. ಯೇಸು ಸಭೆಯ ಮಫೆಯಿ ಪಾದ್ರಿಗಳು ರಚಿಸಿದ ಕೊಂಕಣಿ ಕೋಶವು 1883ರಲ್ಲಿ ಅಚ್ಚಾದದ್ದು ಎದುರು ಪಂಥದ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಎಂಬುದು ಸಹ ನೆನೆಯತಕ್ಕ ಸಂಗತಿ. ಇನ್ನು 1951ರ ಡಿಸೆಂಬರಿನಲ್ಲಿ ತೆರೆದ ನಮ್ಮ ವಿಮಾನ ನಿಲ್ದಾಣ. ಇಂತಹ ನಿಲ್ದಾಣಗಳ ಫಲಕಗಳೆಲ್ಲ ಲ್ಯಾಟಿನ್ನಿನ ಪಾಠವೇ. ಎಕ್ಸಿಟ್ ಎಂದರೆ ಹೊರಗೆ ಹೋಗುವುದು. ಅರೈವಲ್ ಎಂಬುದರಲ್ಲಿ ದಡ ಎಂಬರ್ಥದ ಮಾತಿದೆ. ದಡ ಮುಟ್ಟುವುದೆಂದು ಅದರ ಮೂಲಾರ್ಥ, ಹಡಗಿನ ಕಾಲದ ಮಾತು. ಸೆಕ್ಯೂರಿಟಿ ಎಂಬುದರಲ್ಲಿ ದೂರ ಎಂಬರ್ಥದ ಉಪಸರ್ಗವೂ ಚಿಂತೆ ಎಂಬರ್ಥದ ಪದವೂ ಇವೆ, ಅಂದರೆ ನಿಶ್ಚಿಂತೆ. ಪಾದರಕ್ಷೆ ಕಳಚಿ, ನಡುಪಟ್ಟಿ ಬಿಚ್ಚಿ ಆ ಸಾಲಿನಲ್ಲಿ ನಿಂತವರ ಮುಖಗಳನ್ನು ನೋಡಿದವರಿಗೆ ಈ ವ್ಯುತ್ಪತ್ತಿಯನ್ನು ನಂಬಿಸುವುದು ಕಷ್ಟ.

ನಿಘಂಟಿನ ಹೊಣೆ ಹೊತ್ತ ಕಿಟ್ಟೆಲರಿಗೆ ನಿಶ್ಚಿಂತೆಯೆಂಬುದಿರಲಿಲ್ಲ. 1877ರಲ್ಲಿ ಅವರು ಜರ್ಮನಿಗೆ ಹಿಂತಿರುಗಿದರು. ಅಲ್ಲಿ ಕುಳಿತು ಕನ್ನಡದ ಕೋಶವನ್ನು ಮುಗಿಸಲಾಗದೆಂದು ಕಂಡುಬಂದಾಗ, 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಸಂಸಾರವನ್ನು ಅಲ್ಲಿಯೇ ಬಿಟ್ಟು ಮತ್ತೆ ಈ ನೆಲಕ್ಕೆ ಬಂದರು. ಮೊದಲ ಸಲ ಅವರನ್ನು ಮಿಶನ್ ಕಳುಹಿಸಿತ್ತು. ಎರಡನೆಯ ಸಲ ಕರೆದುತಂದದ್ದು ಶಬ್ದಗಳು. ಧರ್ಮಪ್ರಚಾರಕ್ಕೆ ಸಾಧನವೆಂದು ಆರಂಭವಾದ ಕೆಲಸ ಈ ವೇಳೆಗೆ ತಾನೇ ಗುರಿಯಾಗಿ ನಿಂತಿತ್ತು. ಒಂಬತ್ತು ವರ್ಷಗಳ ದುಡಿಮೆಯ ತರುವಾಯ 1892ರಲ್ಲಿ ಕೊನೆಯ ಬಾರಿಗೆ ಅವರು ಈ ನಾಡನ್ನು ಬಿಟ್ಟರು. ಎರಡು ವರ್ಷಗಳ ಮೇಲೆ ನಿಘಂಟು ಹೊರಬಂದಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಎಪ್ಪತ್ತನ್ನು ಮುಟ್ಟಿದ ಮೇಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಮೂರು ಅವಸ್ಥೆಗಳನ್ನೂ ವಿವೇಚಿಸುವ ಅವರ ಕನ್ನಡ ವ್ಯಾಕರಣವು, ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದದ್ದು, 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನ ಚಳಿಯಲ್ಲಿ ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟಿನ ನಾಲ್ಕು ಸಂಪುಟಗಳು ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರ ನಡುವೆ ಹೊರಬಂದವು. ಮಕ್ಕಳ ಕೈಗೆ ಎತ್ತಿಕೊಡಲು ಒಂದೇ ಸಂಪುಟದ ಆ ಹಳೆಯ ಹೊರೆಗಿಂತ ಇವು ಹಗುರ.